ಕರೆಂಟ್ ಹೋದಾಗ ರೆಕಾರ್ಡ್ ಮಾಡಿದ ಮೆಟಲ್: ನನ್ನ ಅನುಭವ

ಕಳೆದ ತಿಂಗಳು ನಮ್ಮ ಹಳೆಯ ಹೆವಿ ಮೆಟಲ್ ಬ್ಯಾಂಡಿನ ಐದು ಹಾಡುಗಳ ಮಿಕ್ಸಿಂಗ್ ಕೊನೆಗೂ ಮುಗಿಸಿದೆ. ಬೆಂಗಳೂರಿನ ಗೆಳೆಯನೊಬ್ಬನಿಗೆ ಕಳಿಸಿದೆ. 'ಡ್ರಮ್ಸ್ ಯಾವ ಸ್ಟುಡಿಯೋದಲ್ಲಿ ಹೊಡೆಸಿದ್ರಿ?' ಅಂತ ಕೇಳಿದ. 2013ರಲ್ಲಿ ನಮ್ಮ ಐಡಿಯಾ ಕೇಳಿ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದವನೂ ಇವನೇ. ಅದಕ್ಕೇ ಬರೆಯಬೇಕು ಅನ್ನಿಸಿತು.

ನಾವು ನಾಲ್ಕು ಜನ. ನನ್ನ ಊರು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. 2012ರ ದಸರಾಕ್ಕೆ ಶುರುವಾದ ಬ್ಯಾಂಡು ಮರುವರ್ಷದ ದೀಪಾವಳಿಗೆ ಮುಗಿಯಿತು. ಅಷ್ಟರಲ್ಲಿ ಹೆಸರು ಮೂರು ಸಲ ಬದಲಾಯಿತು, ಹಾಗಾಗಿ ಹೆಸರಿನ ಮಾತು ಬಿಡಿ. ಆಡಿದ್ದು ಮೆಟಲ್ಲು, ಅದರೊಳಗೆ ಹಾರ್ಡ್‌ಕೋರ್, ಅಂದರೆ ಚಿಕ್ಕ, ವೇಗದ ಪಂಕ್ ಹಾಡಿನ ಶೈಲಿ, ಬೆರೆತಿತ್ತು. ಅಮೆರಿಕದ ಡಿ.ಆರ್.ಐ. ಬ್ಯಾಂಡಿನವರು 1987ರ ಆಲ್ಬಮ್ಮಿಗೆ ಕ್ರಾಸ್‌ಓವರ್ ಅಂತ ಹೆಸರಿಟ್ಟರಲ್ಲ, ಅದೇ ಜಾತಿ.

ಪ್ರಾಕ್ಟೀಸಿಗೆ ಜಾಗದ ಚಿಂತೆ ಇರಲಿಲ್ಲ. ನಮ್ಮ ಕಾಕಾನ ಪವರ್‌ಲೂಮ್ ಶೆಡ್ಡು ಇತ್ತು, ಎಂಟು ಮಗ್ಗ. 'ನೀವು ಎಷ್ಟ ಬಡಕೊಂಡ್ರೂ ನನ್ನ ಮಗ್ಗದ ಸಪ್ಪಳಕ್ಕ ಸಾಟಿ ಆಗಂಗಿಲ್ಲ ತಮ್ಮಾ' ಅಂತ ಕಾಕಾ ಮೂಲೆಯೊಂದನ್ನು ಬಿಟ್ಟುಕೊಟ್ಟ. ಓಣಿಯಲ್ಲಿ ಒಬ್ಬರೂ ತಕರಾರು ಮಾಡಲಿಲ್ಲ. ಬೆಂಗಳೂರಿನ ಎಷ್ಟು ಬ್ಯಾಂಡುಗಳಿಗೆ ಈ ಭಾಗ್ಯ ಇದೆ ಹೇಳಿ.

ಡ್ರಮ್ಮರ್ ಬಾಗಲಕೋಟೆಯವನು. ಸೆಟ್ಟಿನ ಮುಂದೆ ಕೂತಿದ್ದೇ ಇಪ್ಪತ್ತರ ವಯಸ್ಸಿನಲ್ಲಿ. ಆದರೆ ಹೋಳಿ ಬಂದರೆ ದಿನಗಟ್ಟಲೆ ಹಲಗಿ ಬಾರಿಸಿ ಬೆಳೆದ ಕೈ. ಡಿ-ಬೀಟ್ ಅನ್ನುವ ವೇಗದ ಹಾರ್ಡ್‌ಕೋರ್ ತಾಳ ಕಲಿಸಲು ಒಂದು ವಾರ ಬೇಕು ಅಂದುಕೊಂಡಿದ್ದೆ. ಆ ತಾಳಕ್ಕೆ ಹೆಸರು ಬರಲು ಕಾರಣವಾದ ಇಂಗ್ಲೆಂಡಿನ ಡಿಸ್ಚಾರ್ಜ್ ಬ್ಯಾಂಡಿನ ಹಾಡು ಎರಡು ಸಲ ಕೇಳಿದ, 'ಇದು ನಮ್ಮ ಓಣ್ಯಾಗ ಬಾರಸೂದs' ಅಂದ, ಹೊಡೆದೇ ಬಿಟ್ಟ. ಆ ಡಿಸ್ಚಾರ್ಜ್‌ನವರ ಊರು ಸ್ಟೋಕ್-ಆನ್-ಟ್ರೆಂಟ್, ಪಿಂಗಾಣಿಗೆ ಹೆಸರಾದದ್ದು. ನಮ್ಮದು ಸೀರೆಗೆ. ಕಾರ್ಖಾನೆ ಸಪ್ಪಳದ ಊರಿನವರಿಗೆ ಈ ಬೀಟು ಬೇಗ ಹತ್ತುತ್ತದೆ ಅಂತ ನನ್ನ ಅಂದಾಜು.

ರೆಕಾರ್ಡಿಂಗ್ ಮಾತ್ರ ಜೀವ ತಿಂದಿತು.

ಮೊದಲು ಬೆಳಗಾವಿಯ ಒಂದು ಸ್ಟುಡಿಯೋಕ್ಕೆ ಹೋದೆವು. ಗಂಟೆಗೆ ಆರುನೂರೋ ಏಳುನೂರೋ. ಭಾವಗೀತೆ, ಭಜನೆ ರೆಕಾರ್ಡ್ ಮಾಡುವವರು. ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ಮಿನ ಡಬಲ್ ಪೆಡಲ್ ಶುರುವಾದದ್ದೇ ತಡ, ಇಂಜಿನಿಯರ್ ಹೆಡ್‌ಫೋನ್ ತೆಗೆದಿಟ್ಟ. ಎರಡು ದಿನಕ್ಕೆ ಏಳು ಸಾವಿರ ಹೋಯಿತು. ಕೈಗೆ ಬಂದದ್ದು ರಟ್ಟಿನ ಡಬ್ಬ ಬಡಿದ ಹಾಗಿದ್ದ ಒಂದು ಸಿಡಿ.

ಎರಡನೇ ಸಲ ಶೆಡ್ಡಿನಲ್ಲೇ ಮಾಡೋಣ ಅಂತ ಮೈಕ್‌ಸೆಟ್‌ನವರ ಮಿಕ್ಸರ್ ತಂದೆವು. ಭಾನುವಾರ, ಮಗ್ಗ ಬಂದ್. ಆದರೆ ಲೈನಿನಲ್ಲಿ ಗುಂಯ್ ಅಂತ ಹಮ್ಮು. ಅರ್ಥಿಂಗಿನ ಗುಂಡಿಗೆ ಉಪ್ಪು ಸುರಿದು ನೀರು ಹಾಕಿದೆವು. ಪ್ಲಗ್ಗಿನ ಅರ್ಥ್ ಪಿನ್ ಮುರಿದೆವು, ವೈರು ಬದಲಿಸಿದೆವು. ಹಮ್ಮು ಹೋಗಲಿಲ್ಲ. ಮೇಲಿನಿಂದ ತಗಡಿನ ಚಾವಣಿ ಪ್ರತಿ ಕಿಕ್ಕಿಗೂ ಗಲಗಲ. ಎಲ್ಲ ಮೈಕುಗಳೂ ಮಿಕ್ಸರಿನಿಂದ ಎರಡೇ ಟ್ರ್ಯಾಕಿಗೆ ಇಳಿದಿದ್ದವು, ಆಮೇಲೆ ಕಿಕ್ ಏರಿಸೋಣ ಅಂದರೆ ದಾರಿಯೇ ಇಲ್ಲ. ಹೊಸ ಮೈಕು, ಶೂರ್ ಕಂಪನಿಯ ಹೆಸರಾಂತ ಎಸ್ಎಂ57 ಅಂತ, ಸಾವಿರದ ಇನ್ನೂರಕ್ಕೆ ತಂದಿದ್ದೆ. ಡೂಪ್ಲಿಕೇಟು. ಆ ಬೆಲೆಗೆ ಅಸಲಿ ಬರುತ್ತದಾ, ನನ್ನದೇ ತಪ್ಪು.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ನಮ್ಮ ಮಗ್ಗ ನಿಮಿಷಕ್ಕೆ 130ರ ಆಸುಪಾಸು ಲಾಳಿ ಹೊಡೆಯುತ್ತಿತ್ತು. ಅದನ್ನೇ ಕ್ಲಿಕ್ ಟ್ರ್ಯಾಕ್, ಅಂದರೆ ಲಯ ತಪ್ಪದಿರಲು ಕೇಳಿಸಿಕೊಳ್ಳುವ ಟಿಕ್ ಟಿಕ್, ಮಾಡಿದರೆ? ಒಂದೇ ಮಗ್ಗ ಓಡಿಸಿ ಅದರ ಜೊತೆ ಬಾರಿಸಿದೆವು. ಮೊದಲ ನಿಮಿಷ ಮೈ ಜುಮ್ ಅಂತು. ಸಂಜೆ ವೋಲ್ಟೇಜ್ ಇಳಿಯಿತು, ಮಗ್ಗ ನಿಧಾನವಾಯಿತು, ಹಾಡು ಹೆಣದ ಮೆರವಣಿಗೆಯ ಹಾಗಾಯಿತು. ನಿಧಾನ ಲಯದ ಡೂಮ್ ಮೆಟಲ್ ಆಡುವವರು ಬೇಕಾದರೆ ನೋಡಬಹುದು.

ಆ ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ವಿಪರೀತ. ಒಂದು ಮಧ್ಯಾಹ್ನ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಲೇ ಇತ್ತು. ಹೆಡ್‌ಫೋನ್ ಹಾಕಿದೆ. ಹಮ್ಮು ಇಲ್ಲ! ಪಕ್ಕದ ಶೆಡ್ಡುಗಳೂ ಬಂದ್. ಅಂಥ ಮೌನ ಬನಹಟ್ಟಿಯಲ್ಲಿ ಹಗಲು ಹೊತ್ತು ಯಾವತ್ತೂ ಕೇಳಿರಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ: ಡ್ರಮ್ಸ್ ಕರೆಂಟ್ ಇಲ್ಲದಾಗಲೇ ಹೊಡೆಯುವುದು. 'ಹೆವಿ ಮೆಟಲ್, ಅದೂ ಕರೆಂಟ್ ಇಲ್ಲದೆ' ಅಂತ ಬೆಂಗಳೂರಿನವನು ನಕ್ಕದ್ದು ಇದಕ್ಕೇ.

ಮಿಕ್ಸರ್ ವಾಪಸ್ ಕೊಟ್ಟೆ. ಯುಎಸ್‌ಬಿಯಿಂದಲೇ ಓಡುವ ಎರಡು ಚಾನೆಲ್ಲಿನ ಇಂಟರ್‌ಫೇಸ್, ಅಂದರೆ ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಇಳಿಸುವ ಪೆಟ್ಟಿಗೆ, ತಂದೆ, ಹತ್ತು ಸಾವಿರದ ಹತ್ತಿರ, ಅಕ್ಕನ ಹತ್ತಿರ ಸಾಲ ಮಾಡಿ. ಕಂಡೆನ್ಸರ್ ಮೈಕಿಗೆ ಬೇಕಾದ ಫ್ಯಾಂಟಮ್ ಪವರ್ ಕೂಡ ಅದರಲ್ಲೇ ಬರುತ್ತದೆ. ಕಿಕ್ಕಿಗೆ ಒಂದು ಮೈಕು, ಉಳಿದ ಎಲ್ಲಕ್ಕೂ ಒಂದು ಕಂಡೆನ್ಸರ್. ಅಷ್ಟೇ. ಆ ಕಂಡೆನ್ಸರನ್ನು ಎಲ್ಲಿಟ್ಟೆ ಅಂತ ಹೇಳುವುದಿಲ್ಲ, ಹುಡುಕಿಕೊಳ್ಳಲು ನನಗೆ ಮೂರು ವಾರ ಹಿಡಿದಿದೆ. ಡ್ರಮ್ಮಿನ ನೆತ್ತಿಯ ಮೇಲಂತೂ ಅಲ್ಲ.

ಶೆಡ್ಡಿನ ಮಾರ್ದನಿ ಹೀರಲು ವೇಸ್ಟ್ ನೂಲು ತುಂಬಿದ ಚೀಲಗಳನ್ನು ಸುತ್ತಲೂ ಎದೆಯೆತ್ತರ ಪೇರಿಸಿದೆವು, ಹದಿನೆಂಟೋ ಇಪ್ಪತ್ತೋ. ಚಾವಣಿಯ ಗಲಗಲಕ್ಕೆ ತಗಡಿನ ಬೋಲ್ಟುಗಳಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಕೊಟ್ಟು ಬಿಗಿದೆವು. ಕಾಕಾನ ಸೀರೆ ಬಂಡಲ್ ಒಂದು ಕಿಕ್ಕಿನ ಹೊಟ್ಟೆಯೊಳಗೆ ಹೋಯಿತು. ಅದು ಕಾಕಾನಿಗೆ ಗೊತ್ತಿರಲಿಲ್ಲ.

ಬ್ಯಾಟರಿ ಹಳೆಯದು, ನಲವತ್ತು ನಿಮಿಷ ಬಾಳುತ್ತಿತ್ತು. ಇಲ್ಲಿ ಹಾರ್ಡ್‌ಕೋರ್ ನಮ್ಮನ್ನು ಕಾಪಾಡಿತು. ಹಾಡುಗಳು ಒಂದೂವರೆ, ಎರಡು ನಿಮಿಷದವು. ಏಳು ನಿಮಿಷದ ಮೆಟಲ್ ಹಾಡುಗಳಾಗಿದ್ದರೆ ನಾಲ್ಕೈದು ಟೇಕಿಗೇ ಬ್ಯಾಟರಿ ಸಾಯುತ್ತಿತ್ತು. ನಮಗೆ ಒಂದು ಕರೆಂಟ್ ಕಟ್ಟಿಗೆ ಎಂಟು ಟೇಕ್ ಸಿಗುತ್ತಿದ್ದವು. ಐದು ಹಾಡಿಗೆ ನಾಲ್ಕು ಮಧ್ಯಾಹ್ನ ಸಾಕಾಯಿತು. ಒಂದು ಹಾಡಿನಲ್ಲಿ ಸ್ನೇರ್ ಡ್ರಮ್ಮಿನ ಜೊತೆ ಬೆಂಕಿಗೆ ಕಾಯಿಸಿದ ಹಲಗಿಯನ್ನೂ ಹೊಡೆಸಿದೆ. ಎರಡನೇ ಟೇಕಿಗೆ ತೊಗಲು ತಣ್ಣಗಾಗಿ ಸಡಿಲ, ಮತ್ತೆ ಹೊರಗೆ ಹೋಗಿ ಸೊಪ್ಪೆಗೆ ಕಡ್ಡಿ ಗೀರಬೇಕು. ಹತ್ತಿ ನೂಲಿನ ಶೆಡ್ಡು, ಪಕ್ಕದಲ್ಲೇ ಬೆಂಕಿ. ಈಗ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ.

ಹಾಡಿನ ಮಾತು ಬರೆಯುವಾಗಲೂ ಪೆಟ್ಟು ತಿಂದೆ. ಮೊದಲು ಪುಸ್ತಕದ ಕನ್ನಡದಲ್ಲಿ ಬರೆದಿದ್ದೆ. 'ಹೊಗೆಯಲ್ಲಿ' ಅಂತ ಕಿರುಚಿ ನೋಡಿ, ಕೊನೆಯ 'ಲ್ಲಿ' ಬಾಲದ ಹಾಗೆ ಜೋತಾಡುತ್ತದೆ. ಜಮಖಂಡಿಯ ನಮ್ಮ ಗಾಯಕ ಅದನ್ನು 'ಹೊಗ್ಯಾಗ್' ಮಾಡಿದ. ಕಲ್ಲು ಒಗೆದ ಹಾಗೆ ಬಿತ್ತು.

ಶೋ ಮೂರೇ. ಬಿಜಾಪುರದಲ್ಲಿ, ಆಗಿನ್ನೂ ವಿಜಯಪುರ ಆಗಿರಲಿಲ್ಲ, ಎರಡನೇ ಹಾಡಿಗೇ ಮೈಕ್ ಬಂದ್ ಮಾಡಿಸಿದರು. ಸಿಡಿ ನೂರು ಬರ್ನ್ ಮಾಡಿಸಿದ್ದು, ಅದೂ ಹಸಿ ಮಿಕ್ಸಿನಲ್ಲೇ. ಐವತ್ತು ರೂಪಾಯಿಯಂತೆ ನಲವತ್ತು ಹೋಗಿರಬಹುದು. ಒಟ್ಟು ಖರ್ಚು ಮೂವತ್ತೈದು ಸಾವಿರ ದಾಟಿತ್ತು. ಡ್ರಮ್ಮರನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಗೆ ಬ್ಯಾಂಡು ಮುಗಿಯಿತು. ಡ್ರಮ್ ಸೆಟ್ಟನ್ನು ಮದುವೆ ಬ್ಯಾಂಡಿನವರು ಒಂಬತ್ತು ಸಾವಿರಕ್ಕೆ ಒಯ್ದರು. ಕಿಕ್ಕಿನೊಳಗಿನ ಸೀರೆ ಬಂಡಲ್ ತೆಗೆಯುವುದನ್ನು ಮರೆತಿದ್ದೆ. ಅವರು ವಾಪಸ್ ತಂದುಕೊಟ್ಟದ್ದು ನೇರ ಕಾಕಾನ ಕೈಗೆ.