ಕತ್ತಿ ಕೊನೆಗೆ ಕೊಳ್ಳಿ: ಸ್ಪಾರಿಂಗ್ ಸಾಮಾನು ಆರಿಸಿದ ನನ್ನ ಅನುಭವ

ಹೆಮಾ (HEMA, ಹಿಸ್ಟಾರಿಕಲ್ ಯುರೋಪಿಯನ್ ಮಾರ್ಷಲ್ ಆರ್ಟ್ಸ್) ಅಂದರೆ ಯುರೋಪಿನ ಹಳೇ ಕತ್ತಿವರಸೆ. 15, 16ನೇ ಶತಮಾನದ ಜರ್ಮನಿ, ಇಟಲಿಯ ಗುರುಗಳು ಬರೆದಿಟ್ಟ ಪಾಠಗಳನ್ನು ಓದಿ, ಅದರಲ್ಲಿರುವ ಹೊಡೆತ, ತಡೆಗಳನ್ನು ಮತ್ತೆ ಕಲಿಯುವುದು. ಬಳ್ಳಾರಿಯಲ್ಲಿ ನಾವು ಕೆಲವು ಗೆಳೆಯರು ಸೇರಿ ಇದನ್ನು ಆಡುತ್ತೇವೆ. ಇಬ್ಬರು ಎದುರುಬದುರು ನಿಂತು ಅಭ್ಯಾಸಕ್ಕೆ ಆಡುವುದೇ ಸ್ಪಾರಿಂಗ್. ಎರಡೂ ಕೈಯಲ್ಲಿ ಹಿಡಿಯುವ ಲಾಂಗ್‌ಸೋರ್ಡ್ ನಮ್ಮದು. ಹೊಸಬರು ಬಂದರೆ ಮೊದಲು ಕೇಳುವುದು, "ಕತ್ತಿ ಎಲ್ಲಿ ಸಿಗುತ್ತೆ ಅಣ್ಣ?" ಅಂತ. ಕತ್ತಿ ಕೊನೆಗೆ ಕೊಳ್ಳಿ ಅಂತಲೇ ನಾನು ಹೇಳುವುದು. ಮೊದಲು ತಲೆ, ಆಮೇಲೆ ಗಂಟಲು, ಆಮೇಲೆ ಕೈ. ನಾನೂ ಇದೇ ಕ್ರಮದಲ್ಲಿ ದುಡ್ಡು ಕೂಡಿಸಿ ಒಂದೊಂದೇ ತರಿಸಿಕೊಂಡೆ. ಅಲ್ಲಿವರೆಗೆ ಕೋಲು ಹಿಡಿದು ನಿಲುವು, ಹೆಜ್ಜೆ ಕಲಿತೆ. ಅದಕ್ಕೇನೂ ಖರ್ಚಿಲ್ಲ.

ಕ್ರಿಕೆಟ್ ಹೆಲ್ಮೆಟ್ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಕಾಗಲ್ಲ. ಅದರ ಗ್ರಿಲ್ ಇರುವುದು ಚೆಂಡು ತಡೆಯುವುದಕ್ಕೆ. ಚೆಂಡಿನ ಅಗಲ 7 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಕತ್ತಿಯ ಮೊನೆ ಬೆರಳಷ್ಟೇ ಅಗಲ. ಗ್ರಿಲ್ಲಿನ ಸಂದಿಯಿಂದ ಸೀದಾ ಕಣ್ಣಿಗೆ ಬರುತ್ತದೆ. ಬೇಕಾಗಿರುವುದು ಫೆನ್ಸಿಂಗ್, ಅಂದರೆ ಒಲಿಂಪಿಕ್ಸ್‌ನಲ್ಲಿರುವ ಕತ್ತಿ ಆಟದವರು ಹಾಕುವ, ಉಕ್ಕಿನ ಸಣ್ಣ ಜಾಲರಿಯ ಮಾಸ್ಕ್. ಅದರಲ್ಲೂ ಒಳ್ಳೇದೇ ಬೇಕು. 1982ರಲ್ಲಿ ರೋಮ್‌ನ ವಿಶ್ವ ಫೆನ್ಸಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್ ಆಡುತ್ತಿದ್ದಾಗ ಎದುರಾಳಿಯ ಕತ್ತಿ ಮುರಿದು, ಮುರಿದ ತುದಿ ಮಾಸ್ಕ್ ತೂರಿ ಒಳಗೆ ಹೋಯಿತು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು ಅವರು. ಉಳಿಯಲಿಲ್ಲ. ಮಾಸ್ಕ್, ಬಟ್ಟೆ, ಬ್ಲೇಡುಗಳ ನಿಯಮ ಬಿಗಿಯಾಗಿದ್ದು ಆ ಸಾವಿನ ನಂತರ. ಈ ವಿಷಯ ಗೊತ್ತಾದ ಮೇಲೆ ಹಳೇ ಮಾಸ್ಕ್ ಅಗ್ಗಕ್ಕೆ ಸಿಗುತ್ತೆ ಅಂದರೂ ನಾನು ಸುಮ್ನೆ ಒಪ್ಪುವುದಿಲ್ಲ.

ಮಾಸ್ಕ್ ಕೈಗೆ ಬಂದರೆ ನಾನು ಮೊದಲು ಬೆಳಕಿಗೆ ಹಿಡಿದು ಜಾಲರಿ ನೋಡುತ್ತೇನೆ. ಕಣ್ಣಿನ ಮುಂದೆ ತಗ್ಗು ಬಿದ್ದಿದೆಯಾ, ಜಾಲರಿ ಅಂಚಿಗೆ ಸೇರುವ ಕಡೆ ತುಕ್ಕು ಹಿಡಿದಿದೆಯಾ, ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದಾ. ತಗ್ಗು ಬಿದ್ದ ಜಾಲರಿಯನ್ನು ತಟ್ಟಿ ನೇರ ಮಾಡಿದರೆ ಹಳೇ ಗಟ್ಟಿತನ ವಾಪಸ್ ಬರುವುದಿಲ್ಲ. ಆಮೇಲೆ ಹಾಕಿಕೊಂಡು, ಬಗ್ಗಿ, ತಲೆ ಜೋರಾಗಿ ಅಲ್ಲಾಡಿಸುತ್ತೇನೆ. ಜಾರಿದರೆ ಅದು ನನ್ನ ಸೈಜ್ ಅಲ್ಲ.

ಇನ್ನೊಂದು ವಿಷಯ. ಫೆನ್ಸಿಂಗ್ ಮಾಸ್ಕ್‌ಗೆ ಹಿಂದುಗಡೆ ಏನೂ ಇರುವುದಿಲ್ಲ, ಪಟ್ಟಿ ಅಷ್ಟೇ. ನಮ್ಮ ಆಟದಲ್ಲಿ ಹೊಡೆತ ಸುತ್ತಿಕೊಂಡು ಬರುತ್ತದೆ, ಎದುರಿನವನು ತಿರುಗಿಬಿಡುತ್ತಾನೆ. ಹಾಗಾಗಿ ತಲೆಯ ಹಿಂಭಾಗ ಮುಚ್ಚುವ ದಪ್ಪ ಹೊದಿಕೆಯನ್ನು ಮಾಸ್ಕ್ ಜೊತೆಗೇ ತರಿಸಿದೆ. ಗಂಟಲಿಗೆ ಗಾರ್ಜೆಟ್, ಅಂದರೆ ಕೊರಳ ಸುತ್ತ ಕಟ್ಟುವ ಗಾರ್ಡ್, ಬೇರೆಯೇ ಬೇಕು. ಮಾಸ್ಕಿನ ಕೆಳಗೆ ಇಳಿಬಿದ್ದ ಬಟ್ಟೆ ಇದೆಯಲ್ಲ ಅಂತ ಬಿಡಬಾರದು. ಮೊನೆ ಕೆಳಗಿನಿಂದ ಜಾರಿ ಬಂದರೆ ಆ ಬಟ್ಟೆ ಎತ್ತಿಕೊಂಡುಬಿಡುತ್ತದೆ. ಗಟ್ಟಿ ತಟ್ಟೆ ಇರುವ ಗಾರ್ಜೆಟ್ ಇದ್ದರೆ ಏಟು ಸೀದಾ ಗಂಟಲಿಗೆ ಬೀಳುವುದು ತಪ್ಪುತ್ತದೆ.

ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಯೋಚಿಸಿದ್ದು ಗ್ಲೌಸ್ ಬಗ್ಗೆ. ಲಾಂಗ್‌ಸೋರ್ಡಿನಲ್ಲಿ ಎರಡೂ ಕೈ ದೇಹಕ್ಕಿಂತ ಮುಂದೆ ಇರುತ್ತವೆ. ಹಿಡಿಯ ಮೇಲೆ ಅಡ್ಡಪಟ್ಟಿ ಒಂದೇ, ಬೆರಳುಗಳಿಗೆ ಬೇರೆ ಮರೆ ಇಲ್ಲ. ಕೈಗೇ ಹೊಡೆಯಬೇಕು ಅಂತ ಯಾರೂ ನೋಡದಿದ್ದರೂ ಏಟು ಕೈಗೇ ಬೀಳುತ್ತದೆ. ಬೆರಳಿನ ಒಂದು ಕಡೆ ಹಿಡಿ, ಇನ್ನೊಂದು ಕಡೆ ಎದುರಿನವನ ಉಕ್ಕು. ನಡುವೆ ಸಿಕ್ಕ ಮೂಳೆ ಏನಾಗಬೇಕು ಹೇಳಿ. ಕ್ರಿಕೆಟ್ ಬ್ಯಾಟಿಂಗ್ ಗ್ಲೌಸ್, ಹಾಕಿ ಗ್ಲೌಸ್ ಎಲ್ಲ ಹಾಕಿ ನೋಡಿದೆ. ಮುಂದಿನಿಂದ ಬರುವ ಚೆಂಡಿಗೆ ಅವು ಸರಿ. ಬೆರಳ ತುದಿ, ಹೆಬ್ಬೆರಳ ಪಕ್ಕ, ಮಣಿಕಟ್ಟು ಬಿಟ್ಟುಹೋಗುತ್ತವೆ. ಕೊನೆಗೆ ಒಂದರ ಮೇಲೊಂದು ಕೂರುವ ಗಟ್ಟಿ ತಟ್ಟೆಗಳಿರುವ, ತುದಿಗೂ ಟೋಪಿಯಂಥ ಮುಚ್ಚಳ ಇರುವ ಭಾರಿ ಗ್ಲೌಸ್ ತರಿಸಿದೆ. ಬೆಲೆ ಜಾಸ್ತಿ. ಮೇಲೆ ಕಸ್ಟಮ್ಸ್ ಸುಂಕ ಬೇರೆ, ಅದನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ. ಆದರೂ ಇಲ್ಲಿ ಉಳಿಸಬೇಡಿ.

ಗ್ಲೌಸನ್ನು ಖಾಲಿ ಕೈಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಾಕಿಕೊಂಡು ಕೋಲು ಹಿಡಿಯಿರಿ. ಹೆಬ್ಬೆರಳನ್ನು ಕತ್ತಿಯ ಚಪ್ಪಟೆ ಬದಿಗೆ ಇಡುವ ಹಾಗೆ ಹಿಡಿತ ಬದಲಿಸಿ. ಆಗ ಹೆಬ್ಬೆರಳ ಬುಡದಲ್ಲಿ ಸಂದಿ ಬಿಡುತ್ತದಾ ನೋಡಿ. ಗೆಳೆಯನಿಗೆ ಹೇಳಿ ಒಂದೊಂದು ಬೆರಳ ಮೇಲೂ ಮೆಲ್ಲಗೆ ತಟ್ಟಿಸಿ. ತಟ್ಟೆ ಪಕ್ಕಕ್ಕೆ ಸರಿದರೆ, ಇಲ್ಲಾ ಸೀದಾ ಬೆರಳಿಗೇ ಒತ್ತಿದರೆ, ಅದು ಬೇಡ. ತೀರಾ ಬಿಗಿಯಾದ ಗ್ಲೌಸ್‌ನಲ್ಲಿ ತಟ್ಟೆಗೂ ಬೆರಳಿಗೂ ನಡುವೆ ಜಾಗವೇ ಇರುವುದಿಲ್ಲ, ಏಟು ಪೂರ್ತಿ ಮೂಳೆಗೇ.

ಜಾಕೆಟ್ ಮೇಲೆ 350 ನ್ಯೂಟನ್, 800 ನ್ಯೂಟನ್ ಅಂತ ಬರೆದಿರುತ್ತಾರೆ. ನಂಬರ್ ದೊಡ್ಡದಾದಷ್ಟೂ ಏಟು ನೋಯಲ್ಲ ಅಂದುಕೊಳ್ಳುವವರಿದ್ದಾರೆ. ಅದು ಹಾಗಲ್ಲ. ಮೊನೆ ಬಟ್ಟೆ ತೂರುವುದಕ್ಕೆ ಎಷ್ಟು ಬಲ ಬೇಕು ಅನ್ನುವುದರ ಅಳತೆ ಅದು. ಪೆಟ್ಟು ಹೀರುವುದು ಒಳಗಿನ ಪ್ಯಾಡಿಂಗ್. ಎರಡೂ ಬೇಕು. ಆದರೆ ನಮ್ಮ ಊರಿನ ಬಿಸಿಲಲ್ಲಿ ದಪ್ಪ ಪ್ಯಾಡಿಂಗ್ ಅಂದರೆ ಅದೇ ಒಂದು ಅಪಾಯ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ನಾನು ಮಧ್ಯಮ ದಪ್ಪದ ಜಾಕೆಟ್ ಆರಿಸಿ, ಮೊಣಕೈ, ಮುಂಗೈಗೆ ಬೇರೆ ಗಟ್ಟಿ ಗಾರ್ಡ್ ಹಾಕುತ್ತೇನೆ. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಬಿಸಿಲು ಏರುವ ಮುಂಚೆಯೇ ಸ್ಪಾರಿಂಗ್ ಮುಗಿಸುತ್ತೇವೆ. ಚಿಕ್ಕ ಚಿಕ್ಕ ಸುತ್ತು, ಪ್ರತಿ ಸುತ್ತಿಗೂ ಮಾಸ್ಕ್ ತೆಗೆದು ನೀರು, ಉಪ್ಪು ಹಾಕಿದ ಮಜ್ಜಿಗೆ. ಯಾರಿಗಾದರೂ ತಲೆ ಸುತ್ತಿತು, ಮೈ ಒಣಗಿತು ಅಂದರೆ ಅವತ್ತಿಗೆ ಅವರ ಆಟ ಮುಗೀತು.

ಕೆಳಗಿನ ಅರ್ಧ ಬಳ್ಳಾರಿಯಲ್ಲೇ ಆಯಿತು. ಅಬ್ಡೊಮನ್ ಗಾರ್ಡ್, ತೊಡೆ ಪ್ಯಾಡ್ ಕ್ರಿಕೆಟ್ ಸಾಮಾನಿನ ಅಂಗಡಿಯವು. ಮೊಣಕಾಲಿಗೆ ಬೈಕ್ ಓಡಿಸುವವರ ಗಟ್ಟಿ ಗಾರ್ಡ್. ಪ್ಯಾಂಟ್ ಮಾತ್ರ ಹೊಲಿಸಿದೆ. ಜೀನ್ಸ್ ಹೊಲಿಯುವುದರಲ್ಲಿ ನಮ್ಮ ಊರಿನವರನ್ನು ಮೀರಿಸುವವರು ಯಾರಿದ್ದಾರೆ? ದಪ್ಪ ಡೆನಿಮ್, ತೊಡೆ ಹತ್ತಿರ ಎರಡು ಪದರ, ನಡುವೆ ಪ್ಯಾಡ್ ತೂರಿಸುವುದಕ್ಕೆ ಒಳಜೇಬು. ಟೈಲರ್ ಬಟ್ಟೆ ಮುಟ್ಟಿ ನೋಡಿ, "ಸಾರ್, ಬ್ಯಾಸಗ್ಯಾಗ ಇದನ್ನ ಹಾಕ್ಕಂಡು ಹೆಂಗ ಇರ್ತೀರಿ?" ಅಂದರು. ಆಮೇಲೆ ಅವರೇ ಮೊಣಕಾಲ ಹಿಂದುಗಡೆ ತೆಳು ಬಟ್ಟೆ ಇಟ್ಟು ಗಾಳಿ ಆಡುವ ಹಾಗೆ ಮಾಡಿಕೊಟ್ಟರು. ಕಾಲಿಗೆ ಇದು ನಡೆಯುತ್ತದೆ. ಮಾಸ್ಕ್, ಗಾರ್ಜೆಟ್, ಗ್ಲೌಸ್, ಜಾಕೆಟ್ ಹೀಗೆ ಮಾಡಿಸಬೇಡಿ. ಪರೀಕ್ಷೆ ಆದ ಮಾಲೇ ಆಗಬೇಕು.

ಇಷ್ಟಾದ ಮೇಲೆ ಕತ್ತಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ ಇದೆ, ಇಲ್ಲೇ ಒಂದು ಹೊಡೆಸೋಣ ಅಂತ ಹುಡುಗರು ಅನ್ನುತ್ತಾರೆ. ಉಕ್ಕು ಇದ್ದರೆ ಸಾಲದು. ಕಾಯಿಸಿ, ತಣಿಸಿ ಹದ ಕೊಡುವುದು ತಪ್ಪಿದರೆ ಕತ್ತಿ ಮುರಿಯುತ್ತದೆ, ಮುರಿದ ತುದಿ ಚೂಪು. ಗೋಡೆಗೆ ತೂಗುಹಾಕುವ ಅಲಂಕಾರದ ಕತ್ತಿಯಂತೂ ಬೇಡವೇ ಬೇಡ. ನಾವು ಬಳಸುವುದು ಫೆಡರ್. ಸ್ಪ್ರಿಂಗ್ ಉಕ್ಕಿನ, ಮೊಂಡು ಅಂಚಿನ, ತುದಿ ಸುರುಳಿ ಸುತ್ತಿದ ಅಭ್ಯಾಸದ ಕತ್ತಿ. ತೂಕ ಒಂದೂವರೆ ಕೆಜಿ ಸುತ್ತಮುತ್ತ. ಚುಚ್ಚಿದಾಗ ಬಿಲ್ಲಿನ ಹಾಗೆ ಬಾಗಬೇಕು, ಬಿಟ್ಟಾಗ ನೆಟ್ಟಗಾಗಬೇಕು. ಅದಕ್ಕೂ ಮುಂಚೆ ನೈಲಾನ್ ಕತ್ತಿಯಲ್ಲಿ ಆಡುವವರೂ ಇದ್ದಾರೆ. ಅದು ಹಗುರ, ಆದ್ದರಿಂದಲೇ ವೇಗ ಜಾಸ್ತಿ. ಕೆಲವು ಚುಚ್ಚಿದರೆ ಫೆಡರ್‌ನಷ್ಟು ಬಾಗುವುದಿಲ್ಲ. ನೈಲಾನ್ ಅಂತ ಮಾಸ್ಕ್, ಗಾರ್ಜೆಟ್ ಬಿಡುವಂತಿಲ್ಲ.

ಪ್ರತಿ ಸಲ ಆಡಿದ ಮೇಲೆ ಒಂದು ಹಳೇ ಬನಿಯನ್ ಬಟ್ಟೆಯನ್ನು ಅಂಚಿನ ಉದ್ದಕ್ಕೂ ಎಳೆಯುತ್ತೇನೆ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು ಎದ್ದಿದೆ ಅಂತ ಅರ್ಥ. ಅರದಲ್ಲಿ ಉಜ್ಜಿ, ಎಣ್ಣೆ ಒರೆಸಿ ಇಡುತ್ತೇನೆ. ಬಿರುಕು ಕಂಡರೆ ಆ ಕತ್ತಿಯಲ್ಲಿ ಆಮೇಲೆ ಆಡುವುದಿಲ್ಲ.

ಆಟದ ದಿನ ಇಬ್ಬರೂ ಒಬ್ಬರ ಸಾಮಾನು ಇನ್ನೊಬ್ಬರು ಮುಟ್ಟಿ ನೋಡುತ್ತೇವೆ. ಯಾರ ರಕ್ಷಣೆ ಕಡಿಮೆ ಇದೆಯೋ ಅವರಿಗೆ ತಕ್ಕಂತೆ ವೇಗ. ಗೆಳೆಯನ ಗ್ಲೌಸ್ ನೈಲಾನ್‌ಗೆ ಮಾತ್ರ ಸಾಲುವಂಥದ್ದಾದರೆ ಅವತ್ತು ನನ್ನ ಫೆಡರ್ ಚೀಲದಿಂದ ಹೊರಗೆ ಬರುವುದಿಲ್ಲ, ಇಬ್ಬರೂ ನೈಲಾನ್‌ನಲ್ಲೇ ಆಡುತ್ತೇವೆ.