ಪಾಂಟೂನ್ ದೋಣಿಗೆ ಹೆಚ್ಚು ಶಕ್ತಿಯ ಔಟ್‌ಬೋರ್ಡ್ ಇಂಜಿನ್ ಕೂರಿಸುವ ಕ್ರಮ

ಕಾಳಿ ನದಿಯ ಅಳಿವೆಯಲ್ಲಿ ಇಳಿತದ ಸೆಳೆತಕ್ಕೆ ಎದುರಾಗಿ, ಜನ ತುಂಬಿದ ಪಾಂಟೂನ್ ದೋಣಿಯನ್ನು ಸದಾಶಿವಗಡದ ಕಡೆಯಿಂದ ಮೇಲಕ್ಕೆ ತರುವಾಗ ಚಿಕ್ಕ ಇಂಜಿನ್ ಏದುಸಿರು ಬಿಡುತ್ತದೆ. ಆಗ ದೊಡ್ಡ ಇಂಜಿನ್ ಹಾಕಿಸುವ ಯೋಚನೆ ಬರುವುದು ಸಹಜವೇ. ಆದರೆ ಎರಡು ಅಲ್ಯುಮಿನಿಯಂ ಕೊಳವೆಗಳ ಮೇಲೆ ಅಗಲವಾದ ಅಟ್ಟ ಹೊತ್ತ ಇಂಥ ದೋಣಿಗೆ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ನೂಕುಬಲ. ಅಶ್ವಶಕ್ತಿಯ ಅಂಕಿಯನ್ನಷ್ಟೇ ನೋಡಿ ಖರೀದಿಸಿದವರಿಗೆ ಹಣಕ್ಕೆ ತಕ್ಕ ಫಲ ಸಿಗುವುದು ಕಡಿಮೆ.

ದೋಣಿ ತಯಾರಕರು ಅಂಟಿಸಿದ ಸಾಮರ್ಥ್ಯ ಫಲಕದಲ್ಲಿ ಗರಿಷ್ಠ ಅಶ್ವಶಕ್ತಿಯನ್ನು ನಮೂದಿಸಿದ್ದರೆ ಅದನ್ನು ಮೀರಬಾರದು. ಸ್ಥಳೀಯವಾಗಿ ಬೆಸುಗೆ ಹಾಕಿಸಿದ ದೋಣಿಗೆ ಫಲಕವಿಲ್ಲದಿದ್ದರೆ ಕಟ್ಟಿದವರಿಂದ ಅಥವಾ ನೌಕಾ ವಿನ್ಯಾಸಕಾರರಿಂದ ಮಿತಿಯನ್ನು ಬರೆಸಿಕೊಳ್ಳಬೇಕು. ಒಳನಾಡು ಹಡಗುಗಳ ಅಧಿನಿಯಮ, 2021ರ ಅಡಿ ನೋಂದಣಿಯಾದ ದೋಣಿಯಾದರೆ ಮಾರ್ಪಾಟನ್ನು ನೋಂದಣಿ ಅಧಿಕಾರಿಗೂ ವಿಮಾ ಕಂಪನಿಗೂ ಮೊದಲೇ ತಿಳಿಸುವುದು ಕ್ಷೇಮ.

ನಂತರದ ಪ್ರಶ್ನೆ ತೂಕದ್ದು. 40 ಅಶ್ವಶಕ್ತಿಯ ನಾಲ್ಕು ಸ್ಟ್ರೋಕ್ ಇಂಜಿನ್ ಸುಮಾರು 100 ಕಿಲೋ ತೂಗಿದರೆ, 90ರದ್ದು ಸುಮಾರು 160 ಕಿಲೋ ತೂಗುತ್ತದೆ. ಈ ಹೆಚ್ಚುವರಿ ಭಾರವೆಲ್ಲ ಹಿಂಬದಿಗೇ ಬೀಳುವುದರಿಂದ, ಹಳೆಯ ಇಂಜಿನ್ ಇರುವಾಗಲೇ ಹಿಂದಿನ ಸೀಟುಗಳಲ್ಲಿ ಅಷ್ಟೇ ತೂಕದ ಉಸುಕಿನ ಚೀಲಗಳನ್ನಿಟ್ಟು ಕೊಳವೆಗಳು ಎಷ್ಟು ಮುಳುಗುತ್ತವೆ ಎಂದು ನೋಡಿಕೊಳ್ಳಬಹುದು. ಇಂಜಿನ್ ಹಿಡಿಯುವ ಟ್ರಾನ್ಸಮ್‌ನ ಬೆಸುಗೆಗಳನ್ನು ಉಜ್ಜಿ ತೊಳೆದು, ಕೂದಲೆಳೆಯಂಥ ಬಿರುಕುಗಳಿವೆಯೇ ಎಂದು ಬೆಳಕು ಹಿಡಿದು ಪರೀಕ್ಷಿಸಬೇಕು. ಹಳೆಯ ಇಂಜಿನ್ನಿನ ಕಾಲನ್ನು, ಅಂದರೆ ಪ್ರೊಪೆಲ್ಲರಿನವರೆಗೆ ಕೆಳಗಿಳಿಯುವ ಭಾಗವನ್ನು, ಹಿಡಿದು ಮೇಲೆ ಕೆಳಗೆ ಒತ್ತಿದಾಗ ಟ್ರಾನ್ಸಮ್ ಬಾಗಿದರೆ, ಬಲಪಡಿಸದೆ ಮುಂದುವರಿಯಬಾರದು.

ಇಂಜಿನ್ನಿನ ಕಾಲು 15, 20 ಅಥವಾ 25 ಇಂಚಿನ ಉದ್ದದಲ್ಲಿ ಬರುತ್ತದೆ. ಟ್ರಾನ್ಸಮ್‌ನ ಎತ್ತರವನ್ನು ಅಳೆದೇ ಆರಿಸಬೇಕು. ಪ್ರೊಪೆಲ್ಲರಿನ ಮೇಲಿರುವ ಅಡ್ಡ ಪಟ್ಟಿಯು ಇಂಜಿನ್ ಹಿಡಿಯುವ ಭಾಗದ ತಳದ ಮಟ್ಟದಲ್ಲಿ, ಇಲ್ಲವೇ ಒಂದಿಂಚಿನಷ್ಟು ಕೆಳಗೆ ಬಂದರೆ ಸರಿ. ಮೇಲಾದರೆ ತಿರುವುಗಳಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಹಿಡಿತ ತಪ್ಪುತ್ತದೆ. ದೊಡ್ಡ ಗೇರ್‌ಬಾಕ್ಸಿನ ಮಾದರಿ ಸಿಗುವುದಾದರೆ ಅದೇ ಒಳ್ಳೆಯದು. ಮರ್ಕ್ಯುರಿ ಕಂಪನಿಯ 60 ಅಶ್ವಶಕ್ತಿಯ ಅಂಥ ಮಾದರಿಯಲ್ಲಿ ಗೇರ್ ಅನುಪಾತ 2.33:1 ಇದ್ದು, ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ, ಬಲವಾಗಿ ತಿರುಗಿಸುತ್ತದೆ.

ಕೂರಿಸುವಾಗ ಸ್ಟೇನ್‌ಲೆಸ್ ಬೋಲ್ಟ್‌ಗಳು ಅಲ್ಯುಮಿನಿಯಂಗೆ ನೇರವಾಗಿ ತಾಗದಂತೆ ನಿರೋಧಕ ಪೇಸ್ಟ್ ಹಚ್ಚಿ, ರಂಧ್ರಗಳ ಸುತ್ತ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ಉಪ್ಪುನೀರಿನಲ್ಲಿ ಎರಡು ಲೋಹಗಳು ತಾಗಿದ ಕಡೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಅದೇ ಕಾರಣಕ್ಕೆ ಕೊಳವೆಗಳಿಗೆ ತಾಮ್ರಯುಕ್ತ ಬಣ್ಣ ಬಳಿಯಬಾರದು.

ವೇಗ ನಿಯಂತ್ರಿಸುವ ಥ್ರಾಟಲ್ ಪೆಟ್ಟಿಗೆ, ವೈರಿಂಗ್ ಮತ್ತು ಮೀಟರ್‌ಗಳು ಕಂಪನಿ ಬದಲಾದರೆ ಸಾಮಾನ್ಯವಾಗಿ ಹೊಂದುವುದಿಲ್ಲವಾದ್ದರಿಂದ ಅವುಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಂಧನದ ಪೈಪು, ನೀರು ಬೇರ್ಪಡಿಸುವ ಫಿಲ್ಟರ್, ಬ್ಯಾಟರಿ ಕೇಬಲ್ ಹೊಸದಾಗಿರಲಿ. ಚಾಲಕ ಬಿದ್ದರೆ ಇಂಜಿನ್ ನಿಲ್ಲಿಸುವ ಹಗ್ಗದ ಸ್ವಿಚ್ಚನ್ನು ಕಟ್ಟಿಟ್ಟು ಮರೆಯುವವರೇ ಹೆಚ್ಚು; ಅದರ ಹಗ್ಗ ಚಾಲಕನ ಸೊಂಟಕ್ಕಿರಬೇಕು.

ಕೆಲಸದ ನಿಜವಾದ ಪರೀಕ್ಷೆ ಪ್ರೊಪೆಲ್ಲರಿನದು. ಪೂರ್ಣ ಪ್ರಯಾಣಿಕರ ಭಾರದೊಂದಿಗೆ, ತಯಾರಕರ ಕೈಪಿಡಿ ಹೇಳುವ ಮೊದಲ ತಾಸುಗಳ ಎಚ್ಚರಿಕೆಯ ಓಟ ಮುಗಿದ ಬಳಿಕ, ಥ್ರಾಟಲ್ ಪೂರ್ತಿ ತೆರೆದು ನಿಮಿಷದ ಸುತ್ತುಗಳನ್ನು ಗಮನಿಸಬೇಕು. ಕೈಪಿಡಿಯಲ್ಲಿ 5,000–6,000 ಎಂದಿದ್ದು ಮೀಟರ್ 4,900ರಲ್ಲೇ ನಿಂತರೆ ಇಂಜಿನ್ ದುಡಿತದ ಭಾರಕ್ಕೆ ಸೋಲುತ್ತಿದೆ ಎಂದರ್ಥ. ಪಿಚ್, ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ, ಒಂದಿಂಚು ಕಡಿಮೆಯಾದರೆ ಸುಮಾರು 150ರಿಂದ 200 ಸುತ್ತು ಏರುವುದರಿಂದ ಮೂರಿಂಚು ಕಡಿಮೆ ಪಿಚ್‌ನದ್ದು ಸಾಕಾದೀತು. ದಿಬ್ಬಗಳಿರುವ ಕಾಳಿಯಂಥ ನದಿಯಲ್ಲಿ ಸ್ಟೇನ್‌ಲೆಸ್‌ಗಿಂತ ಅಲ್ಯುಮಿನಿಯಂ ಪ್ರೊಪೆಲ್ಲರ್ ಲೇಸು, ಏಕೆಂದರೆ ಉಸುಕಿಗೆ ತಗುಲಿದಾಗ ಅದರ ಎಲೆ ಬಾಗಿ ಗೇರ್ ಉಳಿಯುತ್ತದೆ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಮೆಕ್ಯಾನಿಕ್‌ಗಳು ಮೀನುಗಾರರ ಇಂಜಿನ್‌ಗಳ ದುರಸ್ತಿಯಲ್ಲಿ ಇರಬಹುದಾದ್ದರಿಂದ ಮೇ ತಿಂಗಳಲ್ಲೇ ದಿನ ಗೊತ್ತುಮಾಡಿಕೊಳ್ಳಬಹುದು. ಉಪ್ಪುನೀರಿನಿಂದ ಬಂದ ದಿನವೆಲ್ಲ ಇಂಜಿನ್ನಿಗೆ ಸಿಹಿನೀರು ಹಾಯಿಸಬೇಕು. ಕೈಪಿಡಿ ಹೇಳಿದ ಮೊದಲ ಸರ್ವಿಸ್‌ನಲ್ಲಿ ಗೇರ್ ಆಯಿಲ್ ಬದಲಿಸುವಾಗ ಅದು ಹಾಲಿನಂತೆ ಬಿಳುಚಿದ್ದರೆ ಸೀಲ್ ಮೂಲಕ ನೀರು ಒಳಹೋಗಿದೆ ಎಂದು ತಿಳಿದು, ಖಾತರಿ ಅವಧಿ ಮುಗಿಯುವ ಮುಂಚೆಯೇ ಡೀಲರ್ ಬಳಿ ಒಯ್ಯಬೇಕು.