ಉರಿಮೂತ್ರ: ಉಷ್ಣವೆಂದು ಸುಮ್ಮನಿರುವ ಮೊದಲು

ಒಂದಕ್ಕೆ ಹೋದಾಗ ಉರಿಯಾದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಉಷ್ಣವಾಗಿದೆ’ ಎಂಬುದು. ಅದರ ಬೆನ್ನಿಗೇ ಎಳನೀರು, ಬಾರ್ಲಿ ನೀರು, ನೀರುಮಜ್ಜಿಗೆ, ನೆನೆಹಾಕಿದ ಕೊತ್ತಂಬರಿ ಬೀಜದ ನೀರು ಒಂದೊಂದಾಗಿ ಬರುತ್ತವೆ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಮೂತ್ರ ಗಾಢವಾದಾಗ ಆಗುವ ಉರಿಗೆ ಇವೇ ಸಾಕು. ಎರಡು ಚೊಂಬು ನೀರು ಒಳಗೆ ಹೋದರೆ ಬಣ್ಣ ತಿಳಿಯಾಗಿ ಉರಿಯೂ ಇಳಿಯುತ್ತದೆ. ಆದರೆ ಬಣ್ಣ ತಿಳಿಯಾದ ಮೇಲೂ ಉರಿ ನಿಲ್ಲದೆ, ಹೋಗಿ ಬಂದ ಐದೇ ನಿಮಿಷಕ್ಕೆ ಮತ್ತೆ ಅವಸರವಾಗಿ, ಹೋದರೆ ನಾಲ್ಕು ಹನಿ ಮಾತ್ರ ಬಂದು, ಕಿಬ್ಬೊಟ್ಟೆ ಹಿಡಿದುಕೊಂಡಂತಾಗುತ್ತಿದ್ದರೆ ಅದನ್ನು ಉಷ್ಣದ ಲೆಕ್ಕಕ್ಕೆ ಬರೆಯುವುದು ತಪ್ಪು. ಅದು ಬಹುಮಟ್ಟಿಗೆ ಮೂತ್ರನಾಳದ ಸೋಂಕು, ಅಂದರೆ ಎಲ್ಲರೂ ‘ಯೂರಿನ್ ಇನ್ಫೆಕ್ಷನ್’ ಎಂದು ಕರೆಯುವ ತೊಂದರೆ.

ಈ ಸೋಂಕನ್ನು ಹೆಚ್ಚಾಗಿ ಉಂಟುಮಾಡುವುದು ನಮ್ಮದೇ ಕರುಳಿನಲ್ಲಿ ವಾಸಿಸುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾ. ಕರುಳಿನಲ್ಲಿದ್ದಾಗ ಸಾಮಾನ್ಯವಾಗಿ ಅದರಿಂದ ಉಪದ್ರವವಿಲ್ಲ. ಮಲದ್ವಾರದ ಸುತ್ತಲಿನಿಂದ ಸರಿದು ಮೂತ್ರದ್ವಾರವನ್ನು ಸೇರಿ, ಅಲ್ಲಿಂದ ಮೇಲೇರಿ ಮೂತ್ರಾಶಯದ ಒಳಗೋಡೆಗೆ ಕೂದಲಿನಂಥ ಸೂಕ್ಷ್ಮ ಎಳೆಗಳಿಂದ ಅಂಟಿಕೊಂಡಾಗ ತೊಂದರೆ ಶುರುವಾಗುತ್ತದೆ. ಮೂತ್ರ ಹೊರಹೋಗುವ ನಾಳ ಗಂಡಸರಲ್ಲಿ ಸುಮಾರು 20 ಸೆಂ.ಮೀ. ಉದ್ದವಿದ್ದರೆ ಹೆಂಗಸರಲ್ಲಿ ಕೇವಲ 4 ಸೆಂ.ಮೀ. ಇರುತ್ತದೆ. ಹೆಂಗಸರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕನ್ನು ಅನುಭವಿಸುವುದಕ್ಕೆ ಈ ಗಿಡ್ಡ ದಾರಿಯೇ ಮುಖ್ಯ ಕಾರಣ. ಅವರ ಶುಚಿತ್ವದ ಕೊರತೆಯಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಾಚಿಕೆಯಿಂದಲೇ ವಾರಗಟ್ಟಲೆ ಯಾರಿಗೂ ಹೇಳದೆ ಉಳಿಯುವವರು ಬಹಳ.

ಮೇಲೇರುವ ಬ್ಯಾಕ್ಟೀರಿಯಾವನ್ನು ಕೆಳಕ್ಕೆ ತೊಳೆದುಬಿಡುವುದು ಮೂತ್ರದ ಹರಿವೇ ಆದ್ದರಿಂದ ತಡೆಯುವ ಕೆಲಸ ನೀರಿನಿಂದಲೇ ಆರಂಭವಾಗುತ್ತದೆ. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಸೇವಿಸುತ್ತಿದ್ದ, ಪದೇ ಪದೇ ಸೋಂಕಿಗೆ ಒಳಗಾಗುತ್ತಿದ್ದ 140 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರ್ಧದಷ್ಟು ಮಂದಿಗೆ ದಿನವೂ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿಯಲು ಹೇಳಲಾಯಿತು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಬಾರಿ ಸೋಂಕು ತಗಲಿದರೆ, ಮೊದಲಿನಂತೆಯೇ ಕುಡಿಯುತ್ತಿದ್ದವರಿಗೆ 3.2 ಬಾರಿ ತಗಲಿತು. ಇಷ್ಟು ಅಗ್ಗದ ಮದ್ದು ಬೇರೆ ಇರಲಾರದು.

ಆದರೆ ‘ನೀರು ಹೆಚ್ಚು ಕುಡಿಯಿರಿ’ ಎಂದು ಹೇಳುವವರು, ಕುಡಿದ ಮೇಲೆ ಹೋಗುವುದೆಲ್ಲಿಗೆ ಎಂಬುದನ್ನು ಹೇಳುವುದಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ಹೆಂಗಸು ಸಂಜೆ ಆರಕ್ಕೇ ನೀರು ನಿಲ್ಲಿಸುತ್ತಾಳೆ; ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲದಿದ್ದರೆ ಹುಡುಗಿ ಬಾಟಲಿಯನ್ನು ಮನೆಯಿಂದ ತಂದಷ್ಟೇ ಭರ್ತಿಯಾಗಿ ವಾಪಸು ಒಯ್ಯುತ್ತಾಳೆ. ಇದು ತಿಳಿವಳಿಕೆಯ ಕೊರತೆಯಲ್ಲ, ಜಾಗದ ಕೊರತೆ. ಆದಕಾರಣ ನೀರಿನ ಲೆಕ್ಕವನ್ನು ಶೌಚಾಲಯದ ಲೆಕ್ಕದ ಜೊತೆಗೇ ಹಾಕುವುದು ಒಳ್ಳೆಯದು. ಬೆಳಿಗ್ಗೆ ಎದ್ದೊಡನೆ ಎರಡು ಲೋಟ ಕುಡಿದರೆ ಮನೆಯಿಂದ ಹೊರಡುವ ಮೊದಲೇ ಅದರ ಬಹುಪಾಲು ಹೊರಹೋಗಿರುತ್ತದೆ. ಕೆಲಸದ ಜಾಗದಲ್ಲಿ ಒಂದೇ ಸಲ ಬಾಟಲಿ ಖಾಲಿ ಮಾಡುವ ಬದಲು ಗುಟುಕು ಗುಟುಕಾಗಿ ಕುಡಿಯುತ್ತ, ಒತ್ತಡ ಬರುವ ತನಕ ಕಾಯದೆ ಮೂರು ನಾಲ್ಕು ಗಂಟೆಗೊಮ್ಮೆ ಹೋಗಿ ಬರಬೇಕು. ಪ್ರಯಾಣದಲ್ಲಿ ಬಸ್ಸು ಊಟಕ್ಕೆ ನಿಲ್ಲುವ ಜಾಗಕ್ಕೆ ಅರ್ಧ ಗಂಟೆ ಮೊದಲು ಒಂದು ಲೋಟ ಕುಡಿಯಬಹುದು. ಮೂತ್ರದ ಬಣ್ಣ ತಿಳಿ ಹಳದಿಯಾಗಿದ್ದರೆ ನೀರು ಸಾಕಾಗಿದೆಯೆಂದು ತಿಳಿಯಬಹುದು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಈ ಸಲಹೆ ಅನ್ವಯಿಸದು.

ಹೋದಾಗ ಪೂರ್ತಿ ಖಾಲಿ ಮಾಡುವುದೂ ಅಷ್ಟೇ ಮುಖ್ಯ. ಸಾರ್ವಜನಿಕ ಕಮೋಡಿನ ಮೇಲೆ ಕೂರಲು ಹೇಸಿ ಅರೆಬಾಗಿ ನಿಂತೇ ಮುಗಿಸುವಾಗ ಸೊಂಟದ ತಳದ ಸ್ನಾಯುಗಳು ಸಡಿಲವಾಗದೆ ಒಂದಿಷ್ಟು ಮೂತ್ರ ಒಳಗೇ ಉಳಿಯಬಹುದು. ಈ ವಿಷಯದಲ್ಲಿ ಕುಕ್ಕರಗಾಲಿನಲ್ಲಿ ಕೂರುವ ನಮ್ಮ ಹಳೆಯ ಶೌಚಾಲಯವೇ ವಾಸಿ. ತೊಳೆಯುವಾಗ ಕೈಯೂ ನೀರೂ ಮುಂದಿನಿಂದ ಹಿಂದಕ್ಕೆ ಸಾಗಬೇಕು. ಜೆಟ್ ಸ್ಪ್ರೇಯನ್ನು ಹಿಂದಿನಿಂದ ಮುಂದಕ್ಕೆ ಚಿಮ್ಮಿಸಬಾರದು. ಈ ಅಭ್ಯಾಸಕ್ಕೆ ಅಧ್ಯಯನಗಳ ಬಲವಾದ ಬೆಂಬಲವಿಲ್ಲದಿದ್ದರೂ ಖರ್ಚೂ ಇಲ್ಲ, ಕೇಡೂ ಇಲ್ಲ. ಕೇಡಿರುವುದು ಕ್ರಿಮಿನಾಶಕ ದ್ರವ, ಸುವಾಸನೆಯ ವಾಶ್ ಮುಂತಾದವುಗಳಿಂದ ಒಳಭಾಗವನ್ನು ತೊಳೆಯುವುದರಲ್ಲಿ: ಯೋನಿಯಲ್ಲಿದ್ದು ಕಾವಲು ಕಾಯುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿಗೇ ಅವುಗಳಿಂದ ಪೆಟ್ಟು ಬೀಳುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿದಾಗಲೂ ಈ ಕಾವಲು ಕುಗ್ಗುವುದರಿಂದ, ಆ ವಯಸ್ಸಿನಲ್ಲಿ ಮರುಕಳಿಸುವ ಸೋಂಕಿಗೆ ವೈದ್ಯರು ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮನ್ನು ಸೂಚಿಸುವುದುಂಟು. ಲೈಂಗಿಕ ಸಂಪರ್ಕದ ನಂತರ ಮೂತ್ರ ಮಾಡಿ ಬರುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ಮಕ್ಕಳಿಗೆ ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು ಉಳಿದ ಎಚ್ಚರಿಕೆಗಳು.

ಇಷ್ಟಾದರೂ ಸೋಂಕು ತಗಲಿದಾಗ ಬಹುಮಂದಿ ಎಡವುವುದು ಪರೀಕ್ಷೆಯಲ್ಲಿ. ನನ್ನ ಪರಿಚಯದ ಶಿಕ್ಷಕಿಯೊಬ್ಬರು ಬೆಳಿಗ್ಗೆ ಆರಕ್ಕೆ ಡಬ್ಬಿಯಲ್ಲಿ ಹಿಡಿದ ಮಾದರಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಶಾಲೆ ಮುಗಿಸಿ ಸಂಜೆ ಲ್ಯಾಬಿಗೆ ಕೊಟ್ಟಿದ್ದರು. ಆ ಹೊತ್ತಿಗೆ ಚರ್ಮದಿಂದ ಬಿದ್ದ ನಾಲ್ಕಾರು ಬ್ಯಾಕ್ಟೀರಿಯಾಗಳು ಬಿಸಿಲಿನಲ್ಲಿ ಲಕ್ಷಗಟ್ಟಲೆಯಾಗಿ, ವರದಿಯನ್ನು ನಂಬುವಂತೆಯೇ ಇರಲಿಲ್ಲ. ಸರಿಯಾದ ಕ್ರಮವೆಂದರೆ ಕೈ ತೊಳೆದು, ಮೂತ್ರದ್ವಾರದ ಸುತ್ತ ಬರೀ ನೀರಿನಿಂದ ಸ್ವಚ್ಛಗೊಳಿಸಿ, ಮೊದಲ ಧಾರೆಯನ್ನು ಬಿಟ್ಟುಬಿಟ್ಟು, ಹರಿವು ನಿಲ್ಲಿಸದೆ ನಡುವಿನ ಧಾರೆಯನ್ನು ಲ್ಯಾಬಿನವರು ಕೊಟ್ಟ ಸ್ಟೆರೈಲ್ ಡಬ್ಬಿಯ ಒಳಬದಿಗೆ ಬೆರಳು ತಾಗದಂತೆ ಹಿಡಿದು, ಒಂದೆರಡು ಗಂಟೆಯೊಳಗೆ ತಲುಪಿಸುವುದು. ತಡವಾಗುವುದಾದರೆ ಫ್ರಿಜ್ಜಿನಲ್ಲಿಡಬೇಕು. ಸಾಮಾನ್ಯ ಪರೀಕ್ಷೆಯ ವರದಿಯಲ್ಲಿ ‘ಪಸ್ ಸೆಲ್ಸ್’ ಎಂದು ಕಾಣುವುದು ಬಿಳಿ ರಕ್ತಕಣಗಳ ಲೆಕ್ಕ ಮಾತ್ರ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬುದು ಎರಡು ಮೂರು ದಿನ ಹಿಡಿಯುವ ಕಲ್ಚರ್ ಪರೀಕ್ಷೆಯಲ್ಲಿ ಮಾತ್ರ ತಿಳಿಯುತ್ತದೆ. ಔಷಧದ ಹೆಸರಿನ ಮುಂದೆ ‘ಎಸ್’ ಎಂದಿದ್ದರೆ ನಾಟುತ್ತದೆ, ‘ಆರ್’ ಎಂದಿದ್ದರೆ ಇಲ್ಲ. ಕಲ್ಚರ್ ಬೇಕೆಂದು ವೈದ್ಯರು ಹೇಳಿದ್ದರೆ ಮೊದಲ ಮಾತ್ರೆ ನುಂಗುವ ಮುನ್ನವೇ ಮಾದರಿ ಕೊಡಬೇಕು.

ಅಂಗಡಿಯವರನ್ನು ಕೇಳಿ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್‌ನ ಎರಡು ಮಾತ್ರೆ ನುಂಗುವ ರೂಢಿ ನಮ್ಮಲ್ಲಿ ಬಲವಾಗಿದೆ. ಇಂಥ ಬಳಕೆಯಿಂದಲೇ ಭಾರತದ ಇ. ಕೊಲೈಗಳಲ್ಲಿ ಬಹುಪಾಲು ಆ ಔಷಧಕ್ಕೆ ಜಗ್ಗದ ಸ್ಥಿತಿಗೆ ಬಂದಿವೆ. ಮೂತ್ರಾಶಯಕ್ಕಷ್ಟೇ ಸೀಮಿತವಾದ ಸೋಂಕಿಗೆ ವೈದ್ಯರು ಈಗ ಹೆಚ್ಚಾಗಿ ಬರೆಯುವುದು ಐದು ದಿನಗಳ ನೈಟ್ರೊಫ್ಯುರಾಂಟೊಯಿನ್ ಅಥವಾ ಒಂದೇ ಸಲ ಕುಡಿಯುವ ಫಾಸ್ಫೊಮೈಸಿನ್ ಪುಡಿ. ಎರಡನೆಯ ದಿನ ಉರಿ ಹೋಯಿತೆಂದು ಉಳಿದ ಮಾತ್ರೆಗಳನ್ನು ‘ಮುಂದಿನ ಸಲಕ್ಕೆ’ ಡಬ್ಬಿಯಲ್ಲಿ ಎತ್ತಿಡಬಾರದು. ಉರಿ ತಗ್ಗಿಸಲೆಂದು ಅನೇಕ ಮನೆಗಳಲ್ಲಿರುವ ಕ್ಷಾರದ ಸಿರಪ್ಪನ್ನು ನೈಟ್ರೊಫ್ಯುರಾಂಟೊಯಿನ್ ಜೊತೆಗೆ ಕುಡಿಯಬಾರದೆಂಬುದು ಹಲವರಿಗೆ ಗೊತ್ತಿಲ್ಲ. ಆ ಔಷಧ ಆಮ್ಲೀಯ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಸಿರಪ್ಪು ಅದಕ್ಕೆ ಅಡ್ಡಬರುತ್ತದೆ.

ಚಳಿಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿಗೆ ನೋವು, ವಾಂತಿ ಕಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿದೆಯೆಂದು ಭಾವಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ಗಂಡಸರು, ಸಕ್ಕರೆ ಕಾಯಿಲೆಯವರು ಸಣ್ಣ ಉರಿಯನ್ನೂ ತೋರಿಸಿಕೊಳ್ಳಬೇಕು. ಗರ್ಭಿಣಿಯರಲ್ಲಿ ಲಕ್ಷಣವೇ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೂ ಚಿಕಿತ್ಸೆ ಬೇಕು. ಮಾತು ಬಾರದ ಕೂಸಿಗೆ ಶೀತ, ಕೆಮ್ಮು ಇಲ್ಲದೆ ಜ್ವರ ಬಂದರೆ ಮೂತ್ರ ಪರೀಕ್ಷೆಯನ್ನು ಮರೆಯುವಂತಿಲ್ಲ.

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಆಗ ಹೊಸ ಮಾತ್ರೆಗಿಂತ ಕಲ್ಲು, ಗಡ್ಡೆ, ಪೂರ್ತಿ ಖಾಲಿಯಾಗದ ಮೂತ್ರಾಶಯ ಇವೆಯೇ ಎಂದು ಸ್ಕ್ಯಾನಿಂಗ್‌ನಲ್ಲಿ ನೋಡಬೇಕೇ ಎಂದು ವೈದ್ಯರನ್ನು ಕೇಳುವುದು ಹೆಚ್ಚು ಉಪಯುಕ್ತ. ಹಳೆಯ ಕಲ್ಚರ್ ವರದಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಒಂದು ಫೈಲಿಗೆ ಸೇರಿಸಿ, ಪ್ರತಿ ಸಲ ಯಾವ ಔಷಧವನ್ನು ಎಷ್ಟು ದಿನ ತೆಗೆದುಕೊಂಡಿರಿ ಎಂಬುದನ್ನು ಆಯಾ ವರದಿಯ ಮೇಲೆಯೇ ಪೆನ್ನಿನಿಂದ ಬರೆದು ಒಯ್ದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.